ಆರು ಮೀನಿಗೆ ಒಪ್ಪಿಗೆ ಪತ್ರ

ಮಾರ್ಚ್ 3

ಕೈ ವ್ಯಾಯಾಮ ಮಾಡಿಸುವ ಹುಡುಗಿ ದಿನಕ್ಕೆ ಹತ್ತು ಸಾಲು ಬರೆಯಬೇಕು ಎಂದಿದ್ದಾಳೆ. ಬಲಗೈಯಲ್ಲೇ. ಏನು ಬರೆದರೂ ನಡೆಯುತ್ತದಂತೆ. ಇದು ನಾಲ್ಕನೇ ಸಾಲು. ಅಕ್ಷರ ಕೋಳಿ ಕೆದರಿದ ಹಾಗಿದೆ. ನೋಯುತ್ತಿದೆ. ಇಷ್ಟೇ.

ಮಾರ್ಚ್ 5

ನಿನ್ನೆ ಬರೆಯಲಿಲ್ಲ. ಇವತ್ತು ಅರ್ಜಿ ಬರೆದ ಹಾಗೆ ವಿಷಯ ಬರೆಯುತ್ತೇನೆ. ಕೋರ್ಟಿನ ಮೆಟ್ಟಿಲಲ್ಲಿ ಫೈಲು ಹೊತ್ತು ಇಳಿಯುವಾಗ ಜಾರಿ ಬಿದ್ದೆ. ಮಣಿಕಟ್ಟು ಮುರಿಯಿತು. ಮೂಳೆ ಕೂಡಿದೆ, ನರ ಇನ್ನೂ ಮುನಿಸಿಕೊಂಡಿದೆ. ಇಪ್ಪತ್ತಾರು ವರ್ಷ ತೀರ್ಪುಗಳನ್ನು ಟೈಪು ಮಾಡಿದ ಬೆರಳಿಗೆ ಈಗ ಅಂಗಿಯ ಗುಂಡಿ ಸಿಕ್ಕುವುದಿಲ್ಲ. ಮೇ ಆರಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಟೈಪು ಮಾಡಿ ತೋರಿಸಬೇಕು. ಆಗದಿದ್ದರೆ ಮುಂದೇನು ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ಪಟ್ಟಣದಲ್ಲಿ ಎದುರು ಸಿಕ್ಕವರೆಲ್ಲ ಮೊದಲು ನನ್ನ ಕೈ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಅದಕ್ಕೇ ಸೋದರತ್ತೆ ನನ್ನ ಹೆಸರಿಗೆ ಬಿಟ್ಟುಹೋದ ಈ ಮನೆಗೆ ಬಂದೆ. ಎರಡು ಕೋಣೆ, ಒಂದೂವರೆ ಎಕರೆ, ಹಿಂದೆ ಒಂದು ಹೊಂಡ. ಇಲ್ಲಿ ಕೈ ಹೇಗಿದೆ ಎಂದು ಕೇಳುವವರಿಲ್ಲ.

ಹತ್ತು ಸಾಲು ದಾಟಿತು.

ಮಾರ್ಚ್ 6

ಬೆಳಿಗ್ಗೆ ಏಳಕ್ಕೆ ಕಿಟಕಿಯಿಂದ ನೋಡಿದರೆ, ಲುಂಗಿ ಎತ್ತಿ ಕಟ್ಟಿದ ಒಬ್ಬ ಮುದುಕ ನನ್ನ ಜಾಗದ ಮೂಲೆಯಲ್ಲಿ ಹಾದು ಹೋಗುತ್ತಿದ್ದಾನೆ. ಕೈಯಲ್ಲಿ ಕೋಲು. ಕಾಲು ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಪಸ್ಸು. ಕೇಳಿಲ್ಲ, ಹೇಳಿಲ್ಲ. ಮೇಲಿನ ಜಾಗದ ಮಾಲೀಕನಂತೆ. ಮಾಲೀಕನಾದರೆ ಅವನ ಜಾಗಕ್ಕೆ.

ತಂಗಿಗೆ ಫೋನು ಮಾಡಿ ನೋಟೀಸು ಟೈಪು ಮಾಡಿಸಿದೆ. ಒಂದೊಂದು ಪದವನ್ನೂ ನಾನೇ ಹೇಳಿದೆ: “ಸದರಿ ಸ್ವತ್ತಿನೊಳಗೆ ಪೂರ್ವಾನುಮತಿ ಇಲ್ಲದೆ ಪ್ರವೇಶಿಸತಕ್ಕದ್ದಲ್ಲ.” ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಾಳೆ. “ಅಕ್ಕಾ, ಹೋಗಿ ಬಾಯಲ್ಲಿ ಹೇಳಿದ್ರೆ ಆಗಲ್ವಾ?” ಎಂದಳು. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು.

ಗೇಟಿಗೆ ಒಂದು ಹಲಗೆಯನ್ನೂ ಹಾಕಿಸಬೇಕು.

ಮಾರ್ಚ್ 12

ಅಂಚೆಯಾಕೆ ಸೈಕಲ್ ನಿಲ್ಲಿಸಿ, ನೋಟೀಸು ತಲುಪಿದ ಸ್ವೀಕೃತಿ ಕೊಟ್ಟಳು. “ಲಾರಿಯಣ್ಣಂಗೆ ನೋಟೀಸ್ ಯಾಕಮ್ಮಾ? ಪಾಪ, ಓದಿ ಹಾಗೇ ಮಡಚಿ ಜೇಬಲ್ಲಿ ಇಟ್ಕೊಂಡ” ಎಂದಳು. ಮುದುಕ ಮೂವತ್ತು ವರ್ಷ ಲಾರಿ ಓಡಿಸಿದವನಂತೆ. ಅವಳಿಗೇನು ಗೊತ್ತು ಕಾನೂನು. ಪ್ರತಿವಾದಿ ಮುದುಕ ನಿನ್ನೆಯವರೆಗೂ ದಿನಾ ಬರುತ್ತಿದ್ದ, ಇವತ್ತು ಬರಲಿಲ್ಲ. ನೋಟೀಸು ಕೆಲಸ ಮಾಡಿದೆ.

ಮಾರ್ಚ್ 15

ಗೇಟಿನ ಹೊರಗೆ ಒಬ್ಬ ಮನುಷ್ಯ ನಿಂತಿದ್ದ. ಐವತ್ತು ದಾಟಿದ ವಯಸ್ಸು, ಮಾಸಿದ ಟೊಪ್ಪಿಗೆ, ಮೊಣಕಾಲವರೆಗಿನ ರಬ್ಬರ್ ಬೂಟು, ಬೆನ್ನಿಗೆ ಉದ್ದ ಕೋಲಿನ ಬಲೆ. ಗೇಟು ತೆರೆದೇ ಇತ್ತು, ಚಿಲಕವೂ ಹಾಕಿರಲಿಲ್ಲ. ಆದರೂ ಹಲಗೆ ಓದಿ ಹೊರಗೇ ನಿಂತು “ಯಾರಾದ್ರೂ ಇದೀರಾ?” ಎಂದು ಕೂಗಿದ.

“ಏನು?”

“ಮೇಡಂ, ನಾನು ಕಾಲೇಜಲ್ಲಿ ಮೀನಿನ ಬಗ್ಗೆ ಕೆಲಸ ಮಾಡೋನು. ಈ ಕಡೆ ಹಳ್ಳ ಹೊಂಡಗಳಲ್ಲಿ ಯಾವ್ಯಾವ ಮೀನಿದೆ ಅಂತ ನೋಡ್ತಾ ಇದೀನಿ. ನಿಮ್ಮ ಹಿತ್ತಲಲ್ಲಿ ಹೊಂಡ ಇದೆಯಂತೆ. ನೀವು ಒಪ್ಪಿದ್ರೆ ಕೆಲವು ಮೀನು ಹಿಡ್ಕೊಂಡು ಹೋಗ್ತೀನಿ.”

“ಆಗಲ್ಲ.”

“ಸರಿ ಮೇಡಂ. ನಮಸ್ಕಾರ.”

ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಗೇಟಿನ ಸಂದಿಗೆ ಸಿಕ್ಕಿಸಿ, ಹೊರಟೇಹೋದ. ನಾನು ಮುಂದಿನ ಮಾತಿಗೆ ಸಿದ್ಧವಾಗಿ ನಿಂತಿದ್ದೆ. ವಾದ ಮಾಡುತ್ತಾನೆ, ಸರ್ಕಾರದ ಆದೇಶ ತೋರಿಸುತ್ತಾನೆ, ಯಾರದೋ ಹೆಸರು ಹೇಳುತ್ತಾನೆ ಎಂದುಕೊಂಡಿದ್ದೆ. ಇಪ್ಪತ್ತಾರು ವರ್ಷದಲ್ಲಿ ಆಗಲ್ಲ ಅಂದಿದ್ದಕ್ಕೆ ಸರಿ ಅಂದವರನ್ನು ನಾನು ನೋಡಿಲ್ಲ.

ಎಂಥ ಮೀನಿರಬಹುದು ಆ ಹೊಂಡದಲ್ಲಿ?

ಮಾರ್ಚ್ 16

ಹೊಂಡ ನೋಡಿ ಬಂದೆ. ಬರಿ ಪಾಚಿ. ಮೀನಿನವನಿಗೆ ತಲೆ ಕೆಟ್ಟಿದೆ.

ಮಾರ್ಚ್ 19

ಪಾಚಿಯಲ್ಲ. ಸುಮ್ಮನೆ ಕೂತರೆ ಕಾಣುತ್ತವೆ. ನಿಂತು ನೋಡಿದರೆ ನಮ್ಮ ನೆರಳಿಗೇ ಓಡಿಹೋಗುತ್ತವೆ. ಕೂತು, ಉಸಿರು ಬಿಗಿಹಿಡಿದು, ನೂರು ಎಣಿಸಿದ ಮೇಲೆ ಒಂದೊಂದಾಗಿ ಬಂದವು. ಕಿರುಬೆರಳಿನ ಉದ್ದ. ಮೈ ಮಣ್ಣಿನ ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಯಾರೋ ಮಸಿ ಪೆನ್ನು ಇಟ್ಟು ತೆಗೆದ ಹಾಗೆ. ಒಂದಕ್ಕೆ ಚುಕ್ಕೆ ದುಂಡಗೆ, ಇನ್ನೊಂದಕ್ಕೆ ಉದ್ದಕ್ಕೆ. ಹದಿನಾಲ್ಕರವರೆಗೆ ಎಣಿಸಿದೆ. ಎಣಿಸಿದ್ದನ್ನೇ ಎಣಿಸಿದೆನೋ ಏನೋ, ಅವು ನಿಂತಲ್ಲಿ ನಿಲ್ಲಬೇಕಲ್ಲ.

ತೊಡೆಯ ಮೇಲೆ ಇಟ್ಟುಕೊಂಡಿದ್ದ ಟೀ ಆರಿಹೋಯಿತು.

ಮಾರ್ಚ್ 24

ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದರ ಕೆಳಗೆ ಒಂದು ಮೀನು ಎರಡು ದಿನದಿಂದ ಕದಲದೆ ನಿಂತಿದೆ. ಬೇರೆ ಮೀನು ಹತ್ತಿರ ಬಂದರೆ ಮೈ ಕಪ್ಪಗೆ ಮಾಡಿಕೊಂಡು ನುಗ್ಗುತ್ತದೆ. ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಲ್ಲುವ ದಫೇದಾರನ ಗತ್ತೇ. ಅವನಿಗೆ ದಫೇದಾರ ಎಂದೇ ಹೆಸರಿಟ್ಟೆ.

ಆದರೆ ಊಟ? ದಫೇದಾರನೂ ಒಂದೂವರೆಗೆ ಊಟಕ್ಕೆ ಹೋಗುತ್ತಾನೆ. ಇವನು ಹೋಗುವುದೇ ಇಲ್ಲ. ಕಾಯಿಲೆಯಿರಬಹುದೆ?

ಮಾರ್ಚ್ 26

ಗೇಟಿನ ಸಂದಿಯ ಚೀಟಿ ಇನ್ನೂ ಅಲ್ಲೇ ಇತ್ತು. ಫೋನು ಮಾಡಿದೆ. “ಒಪ್ಪಿಗೆ ಕೊಡೋಕಲ್ಲ, ಒಂದು ಪ್ರಶ್ನೆ ಇದೆ” ಎಂದು ಮೊದಲೇ ಹೇಳಿಬಿಟ್ಟೆ. ದಫೇದಾರನ ವಿಷಯ ವಿವರಿಸಿದೆ.

“ಎದೆಯ ಹತ್ತಿರದ ಈಜುರೆಕ್ಕೆ ಬೀಸ್ತಾ ಇದೆಯಾ ಮೇಡಂ?”

“ಬಿಡುವೇ ಇಲ್ಲದೆ.”

“ಕಲ್ಲಿನ ಕೆಳಮೈಯಲ್ಲಿ ಏನಾದ್ರೂ ಅಂಟಿದೆಯಾ ನೋಡ್ತೀರಾ?”

ಫೋನು ಹಿಡಿದುಕೊಂಡೇ ಹೋಗಿ, ದಡದಲ್ಲಿ ಬೋರಲು ಮಲಗಿ, ಕೆನ್ನೆ ನೀರಿಗೆ ತಾಗಿಸಿ ನೋಡಿದೆ. ಸಾಸಿವೆ ಕಾಳಿನಂಥವು, ಸಾಲು ಸಾಲಾಗಿ ಅಂಟಿಕೊಂಡಿವೆ.

“ಮೊಟ್ಟೆ ಮೇಡಂ ಅವು. ಬೀಸಣಿಗೆ ಬೀಸ್ತಾ ಇದಾನೆ, ಉಸಿರಾಡ್ಲಿ ಅಂತ. ಅವನು ಅಪ್ಪ.”

“ಅಮ್ಮ ಎಲ್ಲಿ?”

“ಕೆಲವು ಜಾತಿಯಲ್ಲಿ ಇಬ್ರೂ ಇರ್ತಾರೆ, ಕೆಲವದರಲ್ಲಿ ಒಬ್ರೇ. ನೋಡ್ದೆ ಹೇಳೋಕಾಗಲ್ಲ.”

ನೋಡುವುದಕ್ಕೆ ಮಾತ್ರ ಬರಬಹುದು, ಬಲೆ ತರಕೂಡದು ಎಂದೆ. “ಆಯ್ತು ಮೇಡಂ” ಎಂದರು. ದನಿಯಲ್ಲಿ ಒಂದು ಚೂರೂ ಬೇಜಾರಿರಲಿಲ್ಲ.

ಅಂಗಿಯೆಲ್ಲ ಕೆಸರು. ಬದಲಾಯಿಸಿದೆ.

ಮಾರ್ಚ್ 28

ಕಾಲೇಜಿನ ಮೀನಿನ ಮೇಷ್ಟ್ರು ಬಂದಿದ್ದರು. ಬಲೆಯಿಲ್ಲ, ಬೂಟೂ ಇಲ್ಲ, ಚಪ್ಪಲಿ. ನನಗಿಂತ ಮೊದಲು ಅವರೇ ದಡದಲ್ಲಿ ಬೋರಲು ಮಲಗಿದರು. ಅರ್ಧ ಗಂಟೆ ಇಬ್ಬರೂ ನೀರನ್ನೇ ನೋಡಿದೆವು.

ಆಮೇಲೆ ಎದ್ದು ಕೂತು ಹೇಳಿದರು: “ಯಾವ ಜಾತಿ ಅಂತ ಮೇಲಿಂದ ನೋಡಿ ಹೇಳೋಕೆ ಬರಲ್ಲ. ಹೊಸದೂ ಆಗಿರಬಹುದು, ಹಳೇದೂ ಆಗಿರಬಹುದು. ರೆಕ್ಕೆಯ ಮುಳ್ಳು ಎಣಿಸಬೇಕು. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ ಮೇಡಂ, ಆಮೇಲೆ ಮೋಸ ಮಾಡ್ದೆ ಅನ್ನಿಸಬಾರದು. ನಾನು ತಗೊಂಡು ಹೋಗೋ ಮೀನು ಬದುಕಲ್ಲ. ಔಷಧಿ ನೀರಲ್ಲಿ ಹಾಕಿ ಬಾಟ್ಲಿಯಲ್ಲಿಡ್ತೀವಿ.”

“ಹಾಗಾದ್ರೆ ಆಗಲ್ಲ” ಎಂದೆ.

“ಸರಿ” ಎಂದರು ಮತ್ತೆ.

ಈ ಸಲ ನನಗೇ ತಡೆಯಲಾಗಲಿಲ್ಲ. ಇಷ್ಟು ಸುಲಭವಾಗಿ ಸರಿ ಅಂದುಬಿಟ್ಟರೆ ನಿಮ್ಮ ಕೆಲಸ ನಡೆಯುವುದು ಹೇಗೆ ಎಂದು ಕೇಳಿದೆ. ನಕ್ಕರು. ಇಪ್ಪತ್ತೆರಡು ವರ್ಷದ ಹಿಂದೆ ಯಾರದೋ ತಂತಿಬೇಲಿ ಹಾರಿ, ಒಂದು ಕಲ್ಲುಗುಂಡಿಯಿಂದ ಹನ್ನೊಂದು ಮೀನು ಹಿಡಿದು ತಂದಿದ್ದರಂತೆ. ದೊಡ್ಡ ಲೇಖನವಾಯಿತಂತೆ. ಪತ್ರಿಕೆಯಲ್ಲಿ ಓದಿದ ಜಾಗದ ಯಜಮಾನ ಕಾಲೇಜಿಗೇ ಬಂದನಂತೆ.

“ಬೈತಾರೆ ಅನ್ಕೊಂಡೆ ಮೇಡಂ. ಬಾಟ್ಲಿ ತೋರಿಸಿ ಅಂದ್ರು. ತುಂಬಾ ಹೊತ್ತು ನೋಡಿದ್ರು. ‘ನನ್ನನ್ನ ಕೇಳಿದ್ರೆ ಮೇಲಿನ ಗುಂಡಿ ತೋರಿಸ್ತಿದ್ನಲ್ಲ, ಅಲ್ಲಿ ಬೇರೆ ಥರದ್ದು ಇದಾವೆ’ ಅಂದ್ರು. ಅಷ್ಟು ಹೇಳಿ ಹೋದ್ರು. ಆಮೇಲೆ ನಾನು ಎರಡು ಸಲ ಅವರ ಮನೆ ಬಾಗಿಲಿಗೆ ಹೋದೆ. ಬಾಗಿಲು ತೆಗೀಲಿಲ್ಲ.”

“ಆ ಬೇರೆ ಥರದ್ದು?”

“ಇವತ್ತಿಗೂ ಗೊತ್ತಿಲ್ಲ.”

ಹೋಗುವಾಗ ಒಂದು ಮಾತು ಹೇಳಿದರು: “ನೀರು ಇಳೀತಾ ಇದೆ ಮೇಡಂ, ಕಲ್ಲಿನ ಮೇಲೆ ಗುರುತು ನೋಡಿ. ನಾಲ್ಕು ಬೆರಳು ಇಳಿದಿದೆ.”

ಮಾರ್ಚ್ 30

ಇನ್ನೂ ಒಂದು ಬೆರಳು. ದಫೇದಾರನ ಕಲ್ಲು ಅಂಚಿನಲ್ಲೇ ಇದೆ. ಹೀಗೇ ಇಳಿದರೆ ಐದಾರು ದಿನದಲ್ಲಿ ಮೊಟ್ಟೆ ಒಣಗುತ್ತವೆ.

ನೀರು ಬರುವ ಕಾಲುವೆಯ ಜಾಡು ಹಿಡಿದು ಹತ್ತಿದೆ. ಮೇಲಿನ ಜಾಗದಲ್ಲಿ ಒಂದು ಒರತೆ. ಅಲ್ಲಿಂದ ಕಲ್ಲಿನ ಕಿಂಡಿಯಲ್ಲಿ ಹೊರಬಿದ್ದು ನನ್ನ ಹೊಂಡಕ್ಕೆ ಬರುತ್ತದೆ. ಕಿಂಡಿಯ ಬಾಯಿಗೆ ಎಲೆ ಕಡ್ಡಿ ಗುಡ್ಡೆಬಿದ್ದು, ನೀರೆಲ್ಲ ಬೇರೆ ಕಡೆ ತಿರುಗಿ ಬಂಡೆಯ ಸಂದಿಯಲ್ಲಿ ಇಂಗಿಹೋಗುತ್ತಿದೆ. ಕಿಂಡಿ ಇರುವುದು ಪ್ರತಿವಾದಿಯ ಜಾಗದಲ್ಲಿ. ಆದರೆ ಅವನ ಕಡೆಯಿಂದ ಅಲ್ಲಿಗೆ ಇಳಿಯಲು ಬರುವುದಿಲ್ಲ, ಎರಡಾಳೆತ್ತರದ ಬಂಡೆ. ನನ್ನ ಜಾಗದ ಮೂಲೆಯಿಂದ ಮಾತ್ರ ದಾರಿ.

ಆಗ ಅರ್ಥವಾಯಿತು. ಬೆಳಿಗ್ಗೆ ಏಳಕ್ಕೆ, ಕೈಯಲ್ಲಿ ಕೋಲು, ಕಾಲು ಗಂಟೆ.

ಬೇಲಿಯ ಈಚೆ ನಿಂತು ಕೈ ಚಾಚಿದರೆ ಎಲೆಗುಡ್ಡೆ ಒಂದು ಮಾರು ದೂರ. ತಂತಿಯೂ ಹಳೆಯದು, ಕೆಳಗೆ ತೂರಬಹುದಿತ್ತು. ತೂರಲಿಲ್ಲ.

ಮಾರ್ಚ್ 31

ಇನ್ನೊಂದು ನೋಟೀಸು ಮನಸ್ಸಿನಲ್ಲೇ ತಯಾರಾಯಿತು. “ಸ್ವಾಭಾವಿಕ ನೀರಿನ ಹರಿವಿಗೆ ಅಡ್ಡಿ ಉಂಟುಮಾಡಿರುವುದರಿಂದ…” ಎರಡು ಪುಟ ಬರೆದೂಬಿಟ್ಟೆ. ತಡೆಯಾಜ್ಞೆಗೂ ಹಾಕಬಹುದು. ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತು: ಇಷ್ಟು ವರ್ಷ ಎಲೆ ತೆಗೆಯುತ್ತಿದ್ದವರು ಯಾರು, ನಿಲ್ಲಿಸಿದವರು ಯಾರು? ತಾರೀಖು ಬೀಳುವುದು ಯಾವ ತಿಂಗಳಿಗೋ. ಮೊಟ್ಟೆಗೆ ಉಳಿದಿರುವುದು ನಾಲ್ಕು ದಿನ.

ಹರಿದು ಹಾಕಿದೆ. ನಾಳೆ ಹೋಗಿ ಕೇಳಬೇಕು. ಏನೆಂದು ಶುರುಮಾಡುವುದು?

ಏಪ್ರಿಲ್ 1

ಲಾರಿಯಣ್ಣನ ಗೇಟಿನ ಹೊರಗೆ ನಿಂತು “ಯಾರಾದ್ರೂ ಇದೀರಾ?” ಎಂದು ಕೂಗಿದೆ. ದನಿ ಹೊರಟಿದ್ದೇ ಒಂದು ಸೋಜಿಗ. ಜಗಲಿಯಲ್ಲಿ ಕೂತು ಹಳೇ ರೇಡಿಯೋ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ಕಿಂಡಿಯ ಎಲೆ ತೆಗೀಬೇಕಿತ್ತು. ನಿಮ್ಮ ಜಾಗ. ಕೇಳೋಣ ಅಂತ ಬಂದೆ.”

“ನಾಳೆ ಬನ್ನಿ” ಎಂದರು.

“ನೀರು ಇಳೀತಾ ಇದೆ…”

“ನಾಳೆ ಬನ್ನಿ ಅಂದ್ನಲ್ಲಮ್ಮ.”

ಇಷ್ಟೇ. ಕಿವಿ ಬಿಸಿಯಾಗಿ ಬಂದೆ. ಒಂದು ಹಳೇ ಚೊಂಬಿನಲ್ಲಿ ಬಾವಿಯ ನೀರು ಹೊತ್ತು ದಫೇದಾರನ ಕಲ್ಲಿನ ಹತ್ತಿರ ಮೆಲ್ಲಗೆ ಬಿಟ್ಟೆ, ಇಪ್ಪತ್ತು ಸಲ. ಏನೂ ಪ್ರಯೋಜನವಿಲ್ಲ ಎಂದು ಗೊತ್ತಿತ್ತು.

ಏಪ್ರಿಲ್ 2

ಮತ್ತೆ ಹೋದೆ. ಗೇಟಿನ ಹತ್ತಿರ ಅವರೇ ಕಾಯುತ್ತ ನಿಂತಿದ್ದರು.

“ನಿನ್ನೆ ಮನಸ್ಸಿಗೆ ಹೇಗಾಯ್ತು?”

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

“ನನ್ನ ಲಾರಿಗೆ ಒಬ್ಬ ಕಾರಿನೋನು ಬಂದು ಗುದ್ದಿದ ಕೇಸು. ನಾಲ್ಕು ವರ್ಷ ಅಲೆದೆ. ಹೋದಾಗಲೆಲ್ಲ ಕಿಟಕಿಯಲ್ಲಿ ಇದೇ ಮಾತು. ನಾಳೆ ಬನ್ನಿ. ನೀವೂ ಅಲ್ಲೇ ಕೆಲಸ ಅಂತಲ್ಲ, ಅಂಚೆಯಾಕೆ ಹೇಳಿದ್ಲು. ಒಂದು ಸಲ ಕೋರ್ಟಿನೋರಿಗೆ ಆ ಮಾತು ಹೇಳ್ಬೇಕು ಅಂತ ಆಸೆ ಇತ್ತು. ತೀರ್ತು.” ಗೇಟು ತೆಗೆದರು. “ಬನ್ನಿ ಒಳಗೆ.”

“ನೋಟೀಸಿನ ಬಗ್ಗೆ…”

“ನಿಮ್ಮ ಅತ್ತೆ ಇದ್ದಾಗ ಕೇಳೋದು ಹೇಳೋದು ಇರ್ಲಿಲ್ಲ. ಆಯಮ್ಮ ಹೋದ್ಮೇಲೆ ನಾನು ಬಂದು ಕೇಳ್ಬೇಕಿತ್ತು. ಕೇಳ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ಕಾಗದ ಕಳಿಸೋ ಬದಲು ನೀವು ಒಂದು ಕೂಗು ಹಾಕ್ಬೋದಿತ್ತು.”

ಹೌದು ಎಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರಿಗೂ ಹೀಗೆ ತಕ್ಷಣ ಹೌದು ಎಂದ ನೆನಪಿಲ್ಲ.

ಈಗ ನಾನು ನನ್ನ ಮೂಲೆಯ ದಾರಿಗೆ ಒಪ್ಪಿಗೆ ಕೊಡಬೇಕು, ಅವರು ಅವರ ಕಿಂಡಿಗೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿದೆವು. ನಗು ಬಂತು. ಹೋಗಿ ಎಲೆ ತೆಗೆದೆವು. ಮೊಣಕೈವರೆಗೆ ಕೈ ಹಾಕಿ ಎಳೆದರೆ ಕೊಳೆತ ಎಲೆಯ ಮುದ್ದೆ ಗಡ್ಡದ ಹಾಗೆ ಬರುತ್ತಿತ್ತು. ಪ್ರತಿ ಮುದ್ದೆಯನ್ನೂ ಅವರು ಬಿಡಿಸಿ ನೋಡಿ, ಒಳಗೆ ಸಿಕ್ಕಿಕೊಂಡ ಪುಟ್ಟ ಮೀನುಗಳನ್ನು ಆಯ್ದು ನೀರಿಗೆ ಬಿಡುತ್ತಿದ್ದರು.

“ಇವು ಯಾವ ಮೀನು?” ಎಂದೆ.

“ಯಾರಿಗೆ ಗೊತ್ತು. ಎಲೆ ಜೊತೆ ಬರ್ತವೆ, ವಾಪಸ್ ಬಿಡ್ತೀನಿ.”

ಬಾಲದಲ್ಲಿ ಕಪ್ಪು ಚುಕ್ಕೆ! ಒರತೆಯಲ್ಲೂ ಇವೆ.

ಮಧ್ಯಾಹ್ನದ ಹೊತ್ತಿಗೆ ನೀರು ಅರ್ಧ ಬೆರಳು ಏರಿತು.

ಏಪ್ರಿಲ್ 5

ಮೊಟ್ಟೆ ಇಲ್ಲ! ಬೋರಲು ಮಲಗಿ ನೋಡಿದರೆ, ದಫೇದಾರನ ಮುಂದೆ ಒಂದು ಹೊಗೆಯ ಮೋಡ. ಮೋಡಕ್ಕೆಲ್ಲ ಕಣ್ಣಿದೆ. ಮರಿಗಳು! ಲಾರಿಯಣ್ಣನಿಗೆ ಬೇಲಿಯಿಂದಲೇ ಕೂಗಿದೆ. ಓಡಿ ಬಂದರು. ಅರವತ್ತೇಳನೇ ವಯಸ್ಸಿನಲ್ಲಿ ಬೋರಲು ಮಲಗಿದರು. ಏಳುವಾಗ ನಾನೇ ಎತ್ತಬೇಕಾಯಿತು, ಎರಡೂ ಕೈ ಹಿಡಿದು.

“ಊಟ ಬಿಟ್ಟು ಕಾಯ್ತಾನಲ್ಲಾ ಇವನು. ನನ್ನ ಮೊದಲನೇ ಮಗಳು ಹುಟ್ಟಿದಾಗ ನಾನು ಯಾವ ಊರಲ್ಲಿದ್ನೋ” ಎಂದರು.

ಏಪ್ರಿಲ್ 13

ದಿನಾ ಗಮನಿಸಿದ್ದನ್ನು ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಇದರಲ್ಲಿ ಖಾಲಿ. ಅಲ್ಲಿ ಇಪ್ಪತ್ತೊಂದು ಪುಟವಾಗಿದೆ. ಮರಿಗಳು ಚದುರಿದರೆ ದಫೇದಾರ ಬಾಯಿಗೆ ಹಾಕಿಕೊಂಡು ತಂದು ಉಗುಳುತ್ತಾನೆ. ಮೊದಲ ಸಲ ನೋಡಿ ತಿಂದೇಬಿಟ್ಟ ಎಂದು ಕಿರುಚಿದ್ದೆ. ಅಮ್ಮ ಎಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಆಚೆ ದಡದಲ್ಲಿ ಹೊಟ್ಟೆ ಹಳದಿಯಾದ ಒಂದು ದಪ್ಪ ಮೀನು ತಿರುಗುತ್ತದೆ, ಅವಳೇ ಇರಬಹುದು. ಹತ್ತಿರ ಬಂದರೆ ಅವನು ಅಟ್ಟುತ್ತಾನೆ.

ತಂಗಿ ಫೋನಿನಲ್ಲಿ, “ಅಕ್ಕಾ, ವ್ಯಾಯಾಮ ಮಾಡ್ತಿದೀಯ ತಾನೆ?” ಎಂದಳು. ಬರೆಯುತ್ತಿದ್ದೇನೆ ಎಂದೆ.

ಏಪ್ರಿಲ್ 24

ಮರಿಗಳು ಬಲಿತು ತಮ್ಮ ತಮ್ಮ ದಾರಿ ಹಿಡಿದಿವೆ. ಕಲ್ಲಿನ ಕೆಳಗೆ ಯಾರೂ ಇಲ್ಲ. ನಲವತ್ತರವರೆಗೆ ಎಣಿಸಿ ಬಿಟ್ಟೆ.

ಇದು ಯಾವ ಮೀನು ಎಂಬುದು ಮಾತ್ರ ತಲೆ ತಿನ್ನುತ್ತಿದೆ. ಹೆಸರು ಗೊತ್ತಿಲ್ಲದೆ ಅದರ ಬಗ್ಗೆ ಬೇರೆಯವರು ಏನು ನೋಡಿದ್ದಾರೆ ಎಂದು ಕೇಳುವುದಾದರೂ ಹೇಗೆ? ಆದರೆ ಹೆಸರಿಗಾಗಿ ಸಾಯಿಸುವುದೇ? ಲಾರಿಯಣ್ಣನ ಜಗಲಿಯಲ್ಲಿ ಕೂತು ಇದನ್ನೇ ಎರಡು ಸಂಜೆ ಮಾತಾಡಿದೆವು.

“ನಲವತ್ತರಲ್ಲಿ ನಾಲ್ಕೈದು ಹೇಗೂ ಕೊಕ್ಕರೆ ಬಾಯಿಗೆ ಹೋಗ್ತವೆ” ಎಂದರು ಅವರು.

“ಕೊಕ್ಕರೆ ನನ್ನ ಕೇಳಲ್ಲ. ಮೇಷ್ಟ್ರು ಕೇಳ್ತಾರೆ. ಹೂಂ ಅಂದ್ರೆ ಸಾಯಿಸಿದ್ದು ನಾನೇ ಆಗ್ತೀನಿ.”

“ಅದು ನಿಜ.” ರೇಡಿಯೋದ ತಿರುಪು ತಿರುಗಿಸುತ್ತ ಯೋಚಿಸಿದರು. “ಆದ್ರೆ ನಿನಗೆ ತಿಳ್ಕೋಬೇಕು ಅಂತ ಇದೆಯಲ್ಲ. ಅದನ್ನ ಆ ಮೇಷ್ಟ್ರ ತಲೆ ಮೇಲೆ ಹಾಕ್ಬೇಡ. ಬೇಕಿರೋದು ನಿನಗೂ ಹೌದು ಅಂತ ಹೇಳಿ ಕೊಡು. ಇಲ್ಲಾ, ಬೇಡ ಅನ್ನು.”

ಏಪ್ರಿಲ್ 27

ಮೇಷ್ಟ್ರಿಗೆ ಫೋನು ಮಾಡಿ ಬರಹೇಳಿದೆ. ಒಪ್ಪಿಗೆ ಪತ್ರವನ್ನು ಕೂತು ಕೈಯಲ್ಲೇ ಬರೆದೆ, ಮೂರು ಪ್ರತಿ. ಆರು ಮೀನು ಮಾತ್ರ. ಹೊಂಡದಿಂದ ಮೂರು, ಒರತೆಯಿಂದ ಮೂರು. ಕಾವಲು ಕಾಯುತ್ತಿರುವ ಮೀನನ್ನು ಮುಟ್ಟಕೂಡದು. ಗೊತ್ತಾದದ್ದನ್ನು ಗೊತ್ತಾದ ಹಾಗೆಯೇ ನಮ್ಮಿಬ್ಬರಿಗೂ ತಿಳಿಸತಕ್ಕದ್ದು. ಲಾರಿಯಣ್ಣ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಬರೆದ್ರೆ ಹೀಗೆ ಬರೀಬೇಕು ನೋಡು. ಮುತ್ತು ಪೋಣಿಸ್ದಂಗಿದೆ” ಎಂದು ಸಹಿ ಹಾಕಿದರು.

ಏಪ್ರಿಲ್ 30

ಇವತ್ತು ಹಿಡಿದರು.

ಮೇಷ್ಟ್ರು ಬೂಟು ಹಾಕಿಕೊಂಡು ಹೊಂಡಕ್ಕಿಳಿದರು. ಬಲೆಯಲ್ಲಿ ಹನ್ನೆರಡು ಹದಿಮೂರು ಬಂದವು. ಬಿಳಿ ಬೇಸಿನ್ನಿನಲ್ಲಿ ಹಾಕಿ ನನ್ನ ಮುಂದೆ ಇಟ್ಟು, “ಯಾವ್ದು ಅಂತ ನೀವೇ ಹೇಳಿ ಮೇಡಂ” ಎಂದರು. ನಾನು ಹೇಳಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ. ಒಂದು ಗಂಡು, ಒಂದು ಹೆಣ್ಣು, ಒಂದು ಎಳೆಯದು ಬೇಕು ಎಂದರು. ತೋರಿಸಿದೆ. ಉಳಿದವನ್ನು ನೀರಿಗೆ ಬಿಟ್ಟೆ. ಒರತೆಯ ಮೂರನ್ನು ಲಾರಿಯಣ್ಣ ತೋರಿಸಿದರು.

ಮೊದಲು ಮಂಕು ಬರಿಸುವ ನೀರಿಗೆ ಹಾಕುತ್ತಾರೆ. ಒಂದೆರಡು ನಿಮಿಷದಲ್ಲಿ ಮೀನು ಓರೆಯಾಗಿ, ಕಿವಿರು ಆಡುವುದು ನಿಂತಿತು. ಬೇಡವೆಂದರೆ ಆಚೆ ಹೋಗಬಹುದು ಎಂದಿದ್ದರು. ಹೋಗಲಿಲ್ಲ. ಲಾರಿಯಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ಚೀಟಿಯಲ್ಲಿ ಜಾಗ, ತಾರೀಖು, ನೀರಿನ ಆಳ ಬರೆದರು. ಕೊನೆಯ ಸಾಲಿನಲ್ಲಿ “ಅನುಮತಿ ಕೊಟ್ಟವರು” ಎಂದು ನಮ್ಮಿಬ್ಬರ ಹೆಸರು. ಈ ಸಾಲು ಎಲ್ಲರ ಚೀಟಿಯಲ್ಲೂ ಇರುವುದಿಲ್ಲವಂತೆ, ಅವರೇ ಸೇರಿಸಿಕೊಂಡದ್ದಂತೆ. ನನ್ನ ಗಮನಿಕೆಯ ಪುಸ್ತಕವನ್ನೂ ಕೇಳಿದರು. “ಕೊಡ್ತೀರಾ ಅಂತಲ್ಲ, ಓದಬಹುದಾ ಅಂತ” ಎಂದರು. ಓದಬಹುದು ಎಂದೆ. ಜಗಲಿಯಲ್ಲಿ ಕೂತು ಒಂದೂವರೆ ಗಂಟೆ ಓದಿದರು. ನಾಲ್ಕು ಪ್ರಶ್ನೆ ಕೇಳಿದರು, ಎರಡಕ್ಕೆ ನನಗೆ ಉತ್ತರ ಗೊತ್ತಿತ್ತು.

ಬೇಜಾರಾಗಿದೆಯಾ ಎಂದು ನನ್ನನ್ನೇ ಕೇಳಿಕೊಂಡೆ. ಆಗಿದೆ. ಆದರೆ ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಳ್ಳಬೇಕು ಎನ್ನಿಸುತ್ತಿಲ್ಲ.

ಮೇ 7

ಆಚೆ ದಡದ ಬೇರಿನ ಸಂದಿಯಲ್ಲಿ ಇನ್ನೊಬ್ಬ ದಫೇದಾರ ನಿಂತಿದ್ದಾನೆ! ಇವನ ಚುಕ್ಕೆ ಉದ್ದಕ್ಕಿದೆ, ಹಾಗಾಗಿ ಹಳಬನಲ್ಲ. ನಿನ್ನೆ ಒಂದು ದಿನ ನಾನು ಇಲ್ಲದಿರುವಾಗಲೇ ಶುರುವಾಗಬೇಕೇ? ಯಾವ ಹೊತ್ತಿಗೆ ಮೊಟ್ಟೆಯಿಟ್ಟರೋ ನೋಡಲಾಗಲಿಲ್ಲ. ಲಾರಿಯಣ್ಣ ನೋಡಿದ್ದಾರೆಯೇ ಎಂದು ಕೇಳಿದೆ, ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ.

ನಿನ್ನೆ ಮಂಡಳಿಯವರು ಟೈಪು ಮಾಡಿಸಿದರು. ವೇಗ ಸಾಲದು. ಜೂನ್ ಒಂದರಿಂದ ಅರ್ಜಿ ಸ್ವೀಕರಿಸುವ ಕಿಟಕಿಗೆ ಹಾಕಿದ್ದಾರೆ. ಸಂಬಳ ಅಷ್ಟೇ. ತಂಗಿ ಸಂಜೆ ಫೋನು ಮಾಡಿ, “ಅಕ್ಕಾ, ಮಂಡಳಿಯೋರು ಏನಂದ್ರು ಅಂತ ಕೇಳಿದ್ರೆ ಮೀನಿನ ಕಥೆ ಹೇಳ್ತಿದೀಯಲ್ಲ, ನಿನಗೇನಾಗಿದೆ?” ಎಂದು ಗದರಿದಳು.

ನೀರು ಏಳು ಬೆರಳು ಏರಿದೆ. ಬೇರಿನ ಕೆಳಗೆ ನೆರಳಿದೆ, ಕಲ್ಲಿಗಿಂತ ಒಳ್ಳೆಯ ಜಾಗ ಆರಿಸಿದ್ದಾನೆ.

ಮೇ 22

ಮೇಷ್ಟ್ರ ಕಾಗದ ಬಂತು. ಅಂಚೆಯಾಕೆಯೂ ನಿಂತು ಕೇಳಿಸಿಕೊಂಡಳು. ಹೊಸ ಜಾತಿಯಲ್ಲ. ನೂರು ವರ್ಷಕ್ಕೂ ಹಿಂದೆಯೇ ಹೆಸರಿಟ್ಟ ಮೀನು. ಹೊಳೆ, ಹಳ್ಳ, ಗದ್ದೆಯ ಕಾಲುವೆ, ಎಲ್ಲ ಕಡೆಯೂ ಇದೆಯಂತೆ. “ನಿಮಗೆ ನಿರಾಸೆ ಮಾಡಿದೆನೇನೋ. ಆದರೆ ಅಪ್ಪ ಒಬ್ಬನೇ ಕಾವಲು ಕಾಯುವುದನ್ನು ಯಾರೂ ಬರೆದಂತಿಲ್ಲ. ಎಲ್ಲ ಕಡೆಯೂ ಹೀಗೆಯೋ, ನಿಮ್ಮ ಹೊಂಡದಲ್ಲಿ ಮಾತ್ರವೋ, ನನಗೆ ತಿಳಿಯದು” ಎಂದು ಬರೆದಿದ್ದಾರೆ.

ಬೇಲಿಯ ಹತ್ತಿರ ನಿಂತು ಲಾರಿಯಣ್ಣನಿಗೆ ಓದಿ ಹೇಳಿದೆ. ನಿರಾಸೆಯಾಗುತ್ತದೆ ಎಂದುಕೊಂಡಿದ್ದೆ. ಅವರು ಬಾಯಿ ತುಂಬ ನಕ್ಕರು.

“ಎಲ್ಲಾ ಕಡೆನೂ ಇದೆಯಾ? ಒಳ್ಳೇದಾಯ್ತು ಬಿಡು. ಆರು ಹೋಯ್ತಲ್ಲ ಅಂತ ನನಗೆ ಒಳಗೊಳಗೇ ಚುಚ್ತಾ ಇತ್ತು.” ಆಮೇಲೆ ನಗು ನಿಂತಿತು. “ಮೂವತ್ತು ವರ್ಷ ಲಾರಿ ಓಡ್ಸಿದೀನಿ. ಎಷ್ಟು ಸೇತುವೆ ದಾಟಿದೀನೋ ಲೆಕ್ಕ ಇಲ್ಲ. ಒಂದರ ಕೆಳಗೂ ಬಗ್ಗಿ ನೋಡಿಲ್ಲ ನೋಡಮ್ಮ.”

ಮೇ 25

ಲಾರಿಯಣ್ಣನ ಸ್ಕೂಟರಿನಲ್ಲಿ ಹೋದೆವು. ಲಾರಿ ಎಂದುಕೊಂಡೇ ಓಡಿಸುತ್ತಾರೆ, ತಿರುವಿನಲ್ಲಿ ಜೀವ ಬಾಯಿಗೆ ಬಂತು. ಹತ್ತಿರದ ಸೇತುವೆ ಮೂರು ಕಿಲೋಮೀಟರ್. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಳ್ಳ ಅಲ್ಲಿಂದ ತಿರುಗಿ ಒಂದು ಮನೆಯ ಹಿತ್ತಲೊಳಗೆ ಹೋಗುತ್ತದೆ. ಮುಳ್ಳುಬೇಲಿ, ಹಸಿರು ಬಣ್ಣದ ಗೇಟು.

“ನೀನೇ ಕೇಳು” ಎಂದು ಲಾರಿಯಣ್ಣ ಹಿಂದೆ ಸರಿದರು.

ನಾಯಿ ಬೊಗಳಿತು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ ಹೆಂಗಸೊಬ್ಬಳು ಹೊರಗೆ ಬಂದಳು. ಬಾಯಲ್ಲಿ ಎರಡು ಗುಂಡುಪಿನ್ನು. ಅವನ್ನು ತೆಗೆದು, “ಏನು ಬೇಕಿತ್ತು?” ಎಂದಳು.

“ನಿಮ್ಮ ಹಿತ್ತಲ ಹಳ್ಳದಲ್ಲಿ ಮೀನು ನೋಡ್ಬೇಕಿತ್ತು. ಹಿಡಿಯಲ್ಲ, ಬರೀ ನೋಡೋದು. ನೀವು ಬೇಡ ಅಂದ್ರೆ ಹೊರಟುಹೋಗ್ತೀವಿ.”

“ಯಾವ ಇಲಾಖೆಯೋರು?”

“ಯಾವ್ದೂ ಇಲ್ಲ.”

“ಮತ್ತೆ ಯಾಕೆ?”

ಹೇಳಿದೆ. ಕಲ್ಲು, ಮೊಟ್ಟೆ, ಬೀಸಣಿಗೆ, ಬಾಯಿಂದ ಉಗುಳುವುದು, ಎಲ್ಲ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ, ಲಾರಿಯಣ್ಣ ಹಿಂದಿನಿಂದ ಕೆಮ್ಮಿದರು. ಆಕೆ ಒಮ್ಮೆ ನನ್ನನ್ನು, ಒಮ್ಮೆ ಹಿತ್ತಲ ಕಡೆ ನೋಡಿದಳು.

“ಅಪ್ಪ ಕಾಯ್ತಾನಾ?”

“ನಮ್ಮಲ್ಲಿ ಹಾಗೆ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ. ಅದಕ್ಕೇ ಬಂದ್ವಿ.”

“ಈ ಮನೆಗೆ ಬಂದು ಹದಿನೇಳು ವರ್ಷ ಆಯ್ತು. ಹಳ್ಳದಲ್ಲಿ ಮೀನಿದೆಯಾ ಅಂತ ನಾನೂ ನೋಡಿಲ್ಲ.” ಪಿನ್ನುಗಳನ್ನು ಸೆರಗಿಗೆ ಚುಚ್ಚಿಕೊಂಡಳು. “ಇರಿ, ಮೆಷಿನ್ ಮೇಲೆ ಬಟ್ಟೆ ಹಾಗೇ ಬಿಟ್ಟು ಬಂದಿದೀನಿ. ಎತ್ತಿಟ್ಟು ಬರ್ತೀನಿ. ನಾನು ಬರೋವರೆಗೂ ಹೋಗ್ಬೇಡಿ ಮತ್ತೆ.”

ಗೇಟು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ನಾವಿಬ್ಬರೂ ಹೊರಗೆ ಕಾಯುತ್ತ ನಿಂತೆವು. ನಾಯಿ ಬೊಗಳುವುದನ್ನು ನಿಲ್ಲಿಸಿ, ಗೇಟಿನ ಸಂದಿಯಲ್ಲಿ ಮೂಗು ತೂರಿಸಿ, ನನ್ನ ಬೆರಳು ಮೂಸುತ್ತಿತ್ತು.